ಲೆನ್ಸಣ್ಣನ ಹಣೆ

ಲೆನ್ಸಣ್ಣ ಸಿಡುಕನಲ್ಲ ಎಂಬುದು ಲೆನ್ಸಣ್ಣನಿಗೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವನ ಹಣೆಯೇ ಸಾಕ್ಷಿ. ಎರಡು ಹುಬ್ಬುಗಳ ನಡುವೆ ಮೇಲಿನಿಂದ ಕೆಳಕ್ಕೆ ಎರಡು ಗೆರೆ, ಅವುಗಳ ಮೇಲೆ ಅಡ್ಡಡ್ಡ ಮೂರು. ಕನ್ನಡಕದ ಅಂಗಡಿಯ ಒಳಕೋಣೆಯಲ್ಲಿ ಕೂತು, ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಪವರ್ ನೋಡುವ ಯಂತ್ರಕ್ಕೆ ಅಂಟಿಸಿ, ಉಜ್ಜುವ ಚಕ್ರದಲ್ಲಿ ಲೆನ್ಸು ಸವೆಸಿ ಸವೆಸಿ ಬಂದ ಗೆರೆಗಳು ಅವು. ಕೆಲಸ ಕೊಟ್ಟ ಗೆರೆ ಎಂದು ಅವನಿಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಅಂಗಡಿಯಲ್ಲಿ ಅವನ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಲೆನ್ಸಣ್ಣ ಅಂದರೆ ಮುಗಿಯಿತು.

ಈಗ ಲೆನ್ಸುಗಳು ಕಾರ್ಖಾನೆಯಿಂದಲೇ ಅಳತೆಗೆ ಕತ್ತರಿಸಿಕೊಂಡು ಬರತೊಡಗಿದ್ದವು. ಹಳೇ ಯಜಮಾನರ ಮಗ, ಚಿಕ್ಕ ಯಜಮಾನ, ಒಳಕೋಣೆಯ ಚಕ್ರಕ್ಕೆ ಬಟ್ಟೆ ಹೊದಿಸಿ ಲೆನ್ಸಣ್ಣನನ್ನು ಮುಂದಿನ ಮೇಜಿಗೆ ತಂದು ಕೂರಿಸಿದ. ಗಿರಾಕಿಯ ಎದುರು ಒಂದು ಮೊಳ ದೂರದಲ್ಲಿ ಕೂರುವುದು, ಕಣ್ಣಿನ ಗುಡ್ಡೆಗಳ ನಡುವಿನ ಅಂತರ ಅಳೆಯುವುದು, ಫ್ರೇಮಿನ ಕಾಲು ಬಿಸಿ ಮಾಡಿ ಕಿವಿಯ ಹಿಂದೆ ಕೂರುವಂತೆ ಬಾಗಿಸುವುದು. ಕೈಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ತೊಂದರೆ ಇದ್ದದ್ದು ಕೈಯಲ್ಲಲ್ಲ.

“ಲೆನ್ಸಣ್ಣ, ಒಂದು ಮಾತು. ಬೇಜಾರು ಮಾಡ್ಕೋಬೇಡಿ,” ಎಂದ ಚಿಕ್ಕ ಯಜಮಾನ ಒಂದು ದಿನ.

“ಹೇಳಿ.”

“ನೋಡಿ, ಆಗಲೇ ಬೇಜಾರಾಯ್ತು.”

“ನನಗೇನೂ ಆಗಿಲ್ಲವಲ್ಲ.”

“ಅದೇ ನಾನು ಹೇಳೋಕೆ ಹೊರಟಿದ್ದು. ನಿಮಗೇನೂ ಆಗಿರಲ್ಲ, ಗಿರಾಕಿ ಎದ್ದು ಹೋಗಿರ್ತಾನೆ. ನಿನ್ನೆ ಆ ಮಗು ಅತ್ತಿದ್ದು ಕನ್ನಡಕಕ್ಕಲ್ಲ, ನಿಮ್ಮನ್ನ ನೋಡಿ. ಅವರಮ್ಮ ನನ್ನ ಕೇಳ್ತಾರೆ, ನಮ್ಮಿಂದ ಇವರಿಗೇನು ತಪ್ಪಾಯ್ತು ಅಂತ.”

“ಕೆಲಸ ಮಾಡುವಾಗ ಮುಖ ಹೀಗೇ ಇರುತ್ತೆ. ನಗ್ತಾ ಸ್ಕ್ರೂ ತಿರುಗಿಸೋಕಾಗುತ್ತಾ?”

“ನಗಬೇಡಿ. ಸಿಟ್ಟು ಕಾಣದಿದ್ರೆ ಸಾಕು.” ಚಿಕ್ಕ ಯಜಮಾನ ಗಂಟಲು ಸರಿಮಾಡಿಕೊಂಡ. “ಆ ಚರ್ಮದ ಡಾಕ್ಟ್ರು ನಮ್ಮ ಗಿರಾಕಿ ಅಲ್ವಾ, ಅವರನ್ನ ಕೇಳ್ದೆ. ಸುಕ್ಕಿಗೆ ಇಂಜೆಕ್ಷನ್ ಕೊಡ್ತಾರಂತೆ. ಸ್ವಲ್ಪ ಹೊತ್ತಿನ ಕೆಲಸ, ಖರ್ಚು ಅಂಗಡೀದು. ಯೋಚನೆ ಮಾಡಿ. ಬೇಡ ಅಂದ್ರೆ ಈ ಮೇಜಿಗೆ ಬೇರೆ ಯಾರನ್ನಾದ್ರೂ ನೋಡ್ಬೇಕಾಗುತ್ತೆ. ಒಳಗಡೆ ಅಂತೂ ಈಗ ಕೆಲಸ ಇಲ್ಲ.”

ಲೆನ್ಸಣ್ಣನ ಕಿವಿ ಬಿಸಿಯಾಯಿತು. ಐವತ್ತು ದಾಟಿದ ಗಂಡಸು ಸುಕ್ಕು ತೆಗೆಸಿಕೊಳ್ಳಲು ಹೋಗುವುದೇ? ಕೆಲಸ ಹೋಗುವ ಭಯಕ್ಕಿಂತ ಮನೆಯವರಿಗೆ ತಿಳಿದರೆ ಎಂಬ ನಾಚಿಕೆ ದೊಡ್ಡದಾಗಿ ಕಂಡಿತು. ಮನೆಯಲ್ಲಿ ಅವನಿಗೊಂದು ತೂಕವಿತ್ತು. ಅವನು ಒಳಗೆ ಬಂದರೆ ಟೀವಿಯ ಸದ್ದು ತಾನಾಗಿ ಇಳಿಯುತ್ತಿತ್ತು. ಕೇಳಿದ್ದು ಎರಡನೇ ಸಲ ಕೇಳುವ ಮುಂಚೆ ಮುಂದೆ ಬಂದು ನಿಲ್ಲುತ್ತಿತ್ತು. ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ, ಮಗಳನ್ನು ಗದರಿದವನಲ್ಲ. ಆದರೂ ಎಲ್ಲ ಒಂದೇ ಮಾತಿಗೆ ನಡೆಯುತ್ತದೆ ಎಂದರೆ ಅದು ಗೌರವವಲ್ಲದೆ ಇನ್ನೇನು ಎಂಬುದು ಅವನ ಲೆಕ್ಕ. ಆ ಗೌರವವನ್ನು ಸೂಜಿಯ ತುದಿಗೆ ಒಪ್ಪಿಸಿ ಬರಲು ಅವನಿಗೆ ಮನಸ್ಸಿರಲಿಲ್ಲ. ಆದರೆ ಈ ವಯಸ್ಸಿನಲ್ಲಿ ಬೇರೆ ಅಂಗಡಿ ಹುಡುಕಿಕೊಂಡು ಹೋಗುವ ಧೈರ್ಯವೂ ಇರಲಿಲ್ಲ.

ವಾರದ ರಜೆಯ ದಿನ ‘ಸ್ಟಾಕು ಎಣಿಸೋದಿದೆ’ ಎಂದು ಮನೆಯಲ್ಲಿ ಸುಳ್ಳು ಹೇಳಿ ಹೊರಟ. ಕ್ಲಿನಿಕ್ಕಿನ ಬಾಗಿಲಲ್ಲಿ ಕೂತ ಹುಡುಗಿ ಫೋನ್ ನಂಬರು ಕೇಳಿದಳು. ಎಲ್ಲ ಕಡೆ ಕೊಡುವ ನಂಬರನ್ನೇ ಒಪ್ಪಿಸಿ, ಮೂಲೆಯ ಕುರ್ಚಿ ಹಿಡಿದು ಪೇಪರಿನ ಹಿಂದೆ ಅಡಗಿಕೊಂಡ. ಅಲ್ಲಿ ಕೂತವರೆಲ್ಲ ಹೆಂಗಸರು, ಅವರಲ್ಲಿ ಒಬ್ಬರ ಮೂಗಿನ ಮೇಲಿದ್ದದ್ದು ಅವನೇ ಬಾಗಿಸಿ ಕೊಟ್ಟ ಫ್ರೇಮು.

“ನೀವು ಕನ್ನಡಕದ ಅಂಗಡಿಯವರಲ್ವಾ? ಇಲ್ಲೇನು?” ಎಂದರು ಆಕೆ.

“ಡಾಕ್ಟ್ರ ಕನ್ನಡಕ ಸಡಿಲ ಆಗಿದೆಯಂತೆ. ಬಿಗಿ ಮಾಡೋಕೆ ಬಂದೆ.”

ಒಳಗೆ ಹೋದವನು ಮೊದಲು ಮಾಡಿದ ಕೆಲಸ, ಡಾಕ್ಟರ ಕನ್ನಡಕ ಕೇಳಿ ತೆಗೆದುಕೊಂಡು ಅದರ ಸ್ಕ್ರೂ ಬಿಗಿ ಮಾಡಿದ್ದು. ಹೇಳಿದ ಸುಳ್ಳನ್ನು ಅಷ್ಟರಮಟ್ಟಿಗಾದರೂ ತೊಳೆದುಕೊಂಡ ಹಾಗಾಯಿತು.

“ನಿಮಗೆ ಇರೋದು ಒಂದೇ ದಾರಿ ಅಲ್ಲ,” ಎಂದರು ಡಾಕ್ಟರು, ಅವನ ಹಣೆಯನ್ನು ದೀಪಕ್ಕೆ ಹಿಡಿದು. “ಕ್ರೀಮು ಇದೆ. ತಿಂಗಳುಗಟ್ಟಲೆ ಹಚ್ಚಬೇಕು, ಇಷ್ಟು ಆಳದ ಗೆರೆಗೆ ಹೆಚ್ಚೇನೂ ಆಗಲ್ಲ. ಲೇಸರ್ ಇದೆ. ಮುಖ ಒಂದಷ್ಟು ದಿನ ಕೆಂಪಗಿರುತ್ತೆ. ಗೆರೆಯೊಳಗೆ ಜೆಲ್ ತುಂಬಿಸೋದು ಇನ್ನೊಂದು. ಆದ್ರೆ ಹುಬ್ಬಿನ ನಡುವೆ ತುಂಬೋದನ್ನ ನಾನು ಒಪ್ಪಲ್ಲ. ಅಲ್ಲಿ ರಕ್ತನಾಳ ಸೂಕ್ಷ್ಮ, ಕಣ್ಣಿಗೇ ತೊಂದರೆ ಬರಬಹುದು.”

ಕಣ್ಣು ಎಂದೊಡನೆ ಲೆನ್ಸಣ್ಣ ನೆಟ್ಟಗಾದ. “ಅದು ಬೇಡ.”

“ಉಳಿದದ್ದು ಇಂಜೆಕ್ಷನ್. ಅದು ಗೆರೆ ಅಳಿಸಲ್ಲ, ಗೆರೆ ಮೂಡಿಸೋ ಸ್ನಾಯುವನ್ನ ಮಲಗಿಸುತ್ತೆ. ಮೂರು ನಾಲ್ಕು ತಿಂಗಳು, ಆಮೇಲೆ ಮೊದಲಿನ ಹಾಗೇ.”

“ಏನೂ ಮಾಡಿಸದಿದ್ರೆ?”

“ಏನೂ ಆಗಲ್ಲ. ಇದೇನು ಕಾಯಿಲೆನಾ?”

ಲೆನ್ಸಣ್ಣ ಸ್ವಲ್ಪ ಹೊತ್ತು ಕೈಯಲ್ಲಿದ್ದ ಸ್ಕ್ರೂಡ್ರೈವರು ತಿರುಗಿಸಿದ. “ಯಾವುದು ಹೋಗುತ್ತೋ ಅದನ್ನೇ ಹಾಕಿ. ಮನೇಲಿ ಗೊತ್ತಾಗುತ್ತಾ?”

“ಸ್ವಲ್ಪ ಆರಾಮಾಗಿದೀರಿ ಅನ್ನಿಸಬಹುದು, ಅಷ್ಟೇ.”

ಗೆರೆಗಳ ಮೇಲೆ ಚುಕ್ಕೆಯಿಟ್ಟು, ಸಣ್ಣ ಸೂಜಿಯಿಂದ ಅಲ್ಲಲ್ಲಿ ಚುಚ್ಚಿ, ನಾಲ್ಕು ಗಂಟೆ ಮಲಗಬಾರದು, ಬಗ್ಗಬಾರದು, ಹಣೆ ಉಜ್ಜಬಾರದು ಎಂದು ಹೇಳಿ ಕಳಿಸಿದರು.

ರಜೆಯ ದಿನ ಊಟವಾದ ಮೇಲೆ ಅಡ್ಡಾಗದೆ ಇದ್ದವನಲ್ಲ ಲೆನ್ಸಣ್ಣ. ಅವತ್ತು ಕುರ್ಚಿಯ ಮೇಲೆ ಕಂಬದಂತೆ ಕೂತ. ಚಮಚ ಕೆಳಗೆ ಬಿದ್ದರೂ ಬಗ್ಗಲಿಲ್ಲ.

“ಯಾಕೋ, ಮಲಗಲ್ವಾ?” ಎಂದಳು ಕಿಟಕಿಯ ಹತ್ತಿರ ಕೂತಿದ್ದ ತಾಯಿ.

“ನಿದ್ದೆ ಬರ್ತಿಲ್ಲ.”

“ಕೂತಲ್ಲೇ ತೂಗ್ತಾ ಇದೀಯಲ್ಲೋ.”

“ಬರ್ತಿಲ್ಲ ಅಂದ್ನಲ್ಲಮ್ಮ.” ಹಣೆಯ ಮೇಲಿನ ಕೆಂಪು ಚುಕ್ಕೆಗಳ ನೆನಪಾಗಿ ಸೇರಿಸಿದ: “ಸೊಳ್ಳೆ ಕಚ್ಚಿದೆ.”

ಯಾರೂ ಅದನ್ನು ಕೇಳಿರಲಿಲ್ಲ. ಮಗಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಹೆಂಡತಿ ಮನೆಯಲ್ಲೇ ಪರದೆ, ದಿಂಬಿನ ಕವರು ಹೊಲಿಯುವವಳು; ಅವಳ ಫೋನು ಹೊಡೆದುಕೊಂಡಿತು. ಹಿತ್ತಲಿಗೆ ಹೋಗಿ ಮಾತಾಡಿ ಬಂದು, ಗಂಡನನ್ನು ಒಮ್ಮೆ ನೋಡಿ, ಮತ್ತೆ ಹೊಲಿಗೆ ಮಿಷನ್ನಿಗೆ ಕೂತಳು.

ವಾರ ಕಳೆಯುವಷ್ಟರಲ್ಲಿ ಹಣೆ ತೊಳೆದಿಟ್ಟ ತಟ್ಟೆಯ ಹಾಗಾಯಿತು. ಅಂಗಡಿಯಲ್ಲಿ ಒಂದು ಮಗು ಅವನ ಕೈಯಿಂದಲೇ ಕನ್ನಡಕ ಹಾಕಿಸಿಕೊಂಡು ಅವನ ಮೂಗು ಹಿಡಿದು ಎಳೆಯಿತು. ಚಿಕ್ಕ ಯಜಮಾನ ದೂರದಿಂದಲೇ ಹೆಬ್ಬೆರಳು ತೋರಿಸಿದ. ಅಲ್ಲಿಗೆ ಅಂಗಡಿಯ ಸಮಸ್ಯೆ ಮುಗಿಯಿತು, ಮನೆಯದು ಶುರುವಾಯಿತು.

ಮೊದಲು ಬದಲಾದದ್ದು ಊಟದ ಹೊತ್ತು. ಇಷ್ಟು ವರ್ಷ ಹೆಂಡತಿ ಬಡಿಸಿ ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಕೆಲಸವಿರುತ್ತದೆ ಎಂದು ಲೆನ್ಸಣ್ಣ ತಿಳಿದಿದ್ದ. ಈಗ ತನ್ನ ತಟ್ಟೆಯನ್ನೂ ತಂದು ಮೇಜಿಗೆ ಕೂತಳು. ಒಂದು ದಿನ ಗಿರಾಕಿಯೊಬ್ಬಳ ಕಥೆ ಹೇಳಿದಳು. ತಾನು ಹಕ್ಕಿ ಚಿತ್ರದ ಬಟ್ಟೆಯನ್ನು ತಲೆಕೆಳಗು ಹೊಲಿದು ಕೊಟ್ಟುಬಿಟ್ಟಿದ್ದಳಂತೆ. ಆ ಹೆಂಗಸು ಕತ್ತು ಓರೆ ಮಾಡಿ ಪರದೆ ನೋಡಿ, ‘ಇವು ನೇತಾಡೋ ಜಾತಿಯ ಹಕ್ಕಿಗಳಾ’ ಎಂದು ಕೇಳಿ, ಹೌದು ಅಂದದ್ದಕ್ಕೆ ಒಪ್ಪಿಕೊಂಡು ಹೋದಳಂತೆ. ಹೆಂಡತಿ ಆ ಹೆಂಗಸಿನ ಕತ್ತು, ದನಿ, ನಡಿಗೆ ಎಲ್ಲವನ್ನೂ ಮಾಡಿ ತೋರಿಸಿದಳು. ಮಗಳು ನೀರು ನೆತ್ತಿಗೇರಿಸಿಕೊಂಡಳು. ಲೆನ್ಸಣ್ಣನೂ ನಕ್ಕ. ಇವಳಿಗೆ ಇಷ್ಟು ಚೆನ್ನಾಗಿ ಅಣಕಿಸಲು ಬರುತ್ತದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ.

ಆ ಸಲಿಗೆಯಲ್ಲಿ ಮಗಳು ತನ್ನ ವಿಷಯ ತೆಗೆದಳು. ಅನ್ನಕ್ಕೆ ಮೊಸರು ಹಾಕಿಕೊಳ್ಳುತ್ತಾ, ತಂದೆಯ ಹಣೆಯತ್ತ ಒಮ್ಮೆ ನೋಡಿ, “ಅಪ್ಪ, ಅಕೌಂಟ್ಸ್ ಕ್ಲಾಸಿಗೆ ನಾನು ಹೋಗ್ತಿಲ್ಲ,” ಎಂದಳು.

“ಇವತ್ತಾ?”

“ಮೂರು ತಿಂಗಳಾಯ್ತು.”

“ಮತ್ತೆ ಬೆಳಿಗ್ಗೆ ಬೆಳಿಗ್ಗೆ ಎಲ್ಲಿಗೆ ಹೋಗ್ತೀಯ?”

“ದೊಡ್ಡ ಗಾಡಿ ಓಡಿಸೋದು ಕಲೀತಿದೀನಿ. ಬಸ್ಸು. ಲೈಸೆನ್ಸಿಗೆ ಪರೀಕ್ಷೆ ಹತ್ರ ಬಂತು.”

ಲೆನ್ಸಣ್ಣನ ಎದೆಯಲ್ಲಿ ಸಿಟ್ಟು ಭುಗಿಲೆದ್ದಿತು. ಇಂಥ ಹೊತ್ತಲ್ಲಿ ಅವನು ಮಾತಾಡಬೇಕಾಗಿಯೇ ಇರಲಿಲ್ಲ. ಸುಮ್ಮನೆ ನೋಡಿದರೆ ಸಾಕಿತ್ತು, ಎದುರಿನವರು ತಾವೇ ಮಾತು ನುಂಗುತ್ತಿದ್ದರು. ಈಗಲೂ ನೋಡಿದ. ಹುಬ್ಬು ಕೂಡಿಸಲು ಹೋದ. ಹುಬ್ಬು ಮಾತು ಕೇಳಲಿಲ್ಲ. ಮಗಳು ಇನ್ನೊಮ್ಮೆ ಹಣೆ ನೋಡಿ, ಏನೂ ಕಾಣದೆ, ಉತ್ಸಾಹದಿಂದ ಮುಂದುವರಿಸಿದಳು: ಸ್ಟೇರಿಂಗು ಎಷ್ಟು ದೊಡ್ಡದು, ತಿರುವಿನಲ್ಲಿ ಹಿಂದಿನ ಚಕ್ರದ ಲೆಕ್ಕ ಹೇಗೆ ಇಡಬೇಕು, ಕಲಿಸುವ ಮಾಸ್ತರು ಹೇಗೆ ಕಣ್ಣು ಮುಚ್ಚಿಕೊಂಡು ಕೂರುತ್ತಾರೆ. ಅವನು ಪದ ಹುಡುಕುವಷ್ಟರಲ್ಲಿ ಅವಳು ಬಸ್ಸನ್ನು ಪೇಟೆಯನ್ನೆಲ್ಲಾ ಸುತ್ತಿಸಿ ತಂದು ನಿಲ್ಲಿಸಿಯಾಗಿತ್ತು.

“ನನ್ನ ಯಾಕೆ ಕೇಳ್ಲಿಲ್ಲ?” ಎಂದಷ್ಟೇ ಹೇಳಲಾಯಿತು.

“ಈಗ ಹೇಳಿದ್ನಲ್ಲಪ್ಪ.”

“ಬಾ, ಪಾತ್ರೆಗೆ ಕೈ ಹಾಕು,” ಎಂದು ಹೆಂಡತಿ ಮಗಳನ್ನು ಒಳಗೆ ಕರೆದುಕೊಂಡು ಹೋದಳು.

ಅಲ್ಲಿಂದ ಲೆನ್ಸಣ್ಣನಿಗೆ ಮನೆ ಕೈತಪ್ಪಿ ಹೋಗುತ್ತಿದೆ ಅನ್ನಿಸತೊಡಗಿತು. ಟೀವಿಯ ಸದ್ದು ಇಳಿಯುತ್ತಿರಲಿಲ್ಲ. ಟೀ ಕೇಳಿದರೆ ‘ಹಾಲು ಕಾಯ್ಲಿ’ ಎಂಬ ಉತ್ತರ ಬರುತ್ತಿತ್ತು. ತಾಯಿಯಂತೂ ಎಪ್ಪತ್ತೆಂಟರ ವಯಸ್ಸಿನಲ್ಲಿ ಅವನನ್ನು ಗೇಲಿ ಮಾಡುವುದನ್ನು ಹೊಸದಾಗಿ ಕಲಿತಿದ್ದಳು. ಇನ್ನು ತಡೆಯಲಾಗದೆ ಒಂದು ಸಂಜೆ ಮೇಜು ಗುದ್ದಿದ.

“ಈ ಮನೇಲಿ ನನ್ನ ಮಾತಿಗೆ ಬೆಲೆ ಇದೆಯೋ ಇಲ್ವೋ? ನಾಳೆಯಿಂದ ಇವಳು ಕ್ಲಾಸಿಗೆ ಹೋಗ್ಬೇಕು. ನಾನು ಹೇಳ್ತಾ ಇರೋದು ತಮಾಷೆಗಲ್ಲ.”

ದನಿ ಗಡುಸಾಗಿಯೇ ಇತ್ತು. ಆದರೆ ಅದರ ಮೇಲೆ ಇದ್ದ ಮುಖ ಆಶೀರ್ವಾದ ಮಾಡಲು ನಿಂತವರ ಮುಖ.

“ಅಪ್ಪ, ನೀವು ಬೈತಿದೀರೋ ಒಪ್ಕೊಳ್ತಿದೀರೋ?” ಎಂದಳು ಮಗಳು.

ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕುಬಿಟ್ಟಳು. ಮಗಳಿಗೂ ತಡೆಯಲಾಗಲಿಲ್ಲ. ಲೆನ್ಸಣ್ಣ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ನಿಂತ. ತನ್ನ ಮನೆಯಲ್ಲೇ ತಾನು ನಗೆಪಾಟಲಾದೆ ಎಂದು ಅವನಿಗೆ ಅಳು ಬರುವಷ್ಟು ಅವಮಾನವಾಯಿತು. ಮೂರೋ ನಾಲ್ಕೋ ತಿಂಗಳು ಎಂದಿದ್ದಾರೆ, ಹೋಗಲಿ ಈ ಸೂಜಿಯ ಕಾಟ, ನನ್ನ ಹಣೆ ನನಗೆ ಬರಲಿ ಎಂದು ದಿನಾ ಕನ್ನಡಿಯಲ್ಲಿ ಹುಬ್ಬು ಗಂಟಿಕ್ಕಿ ಪರೀಕ್ಷೆ ಮಾಡತೊಡಗಿದ.

ಅಂಗಡಿಗೆ ಬಣ್ಣ ಬಳಿದಾಗ ಗೋಡೆಯಲ್ಲಿದ್ದ ಹಳೇ ಕನ್ನಡಿಯನ್ನು ಬಿಸಾಡಲು ಇಟ್ಟಿದ್ದರು. ಗಿರಾಕಿಗಳು ಫ್ರೇಮು ಹಾಕಿಕೊಂಡು ನೋಡಿಕೊಳ್ಳುತ್ತಿದ್ದ ಉದ್ದನೆಯ ಕನ್ನಡಿ. ಅದನ್ನು ತಂದು ಮನೆಯ ಮುಂದಿನ ಕೋಣೆಯಲ್ಲಿ ಬಾಗಿಲಿಗೆ ಎದುರಾಗಿ ತೂಗುಹಾಕಿದ.

ಕೆಲವು ದಿನಗಳ ಮೇಲೆ ಹುಬ್ಬುಗಳ ನಡುವೆ ಬಿಗಿತ ಮರಳತೊಡಗಿತು. ಒಂದು ಬೆಳಿಗ್ಗೆ ತೆಳ್ಳಗೆ ಒಂದು ಗೆರೆ, ಮುಂದಿನ ವಾರ ಅದರ ಜೊತೆಗಾರ. ಲೆನ್ಸಣ್ಣನಿಗೆ ಊರಿಂದ ನೆಂಟರು ಬಂದಷ್ಟು ಸಂತೋಷ. ಆ ಸಂಜೆ ಅಂಗಡಿಯಲ್ಲಿ ಒಬ್ಬ ಗಿರಾಕಿಯ ಜೊತೆ ಸಣ್ಣ ಕಿರಿಕಿರಿಯಾಗಿತ್ತು, ಬಿಸಿಲಲ್ಲಿ ನಡೆದು ಬಂದಿದ್ದ. ಬಾಗಿಲು ತಟ್ಟಿದ. ಮಗಳು ತೆಗೆದಳು.

“ಬಂದ್ರಾ ಅಪ್ಪ,” ಎಂದಳು ನಗುತ್ತಾ. ಅವಳ ಕಣ್ಣು ಅವನ ಹಣೆಗೆ ಹೋಗಿ ಬಂತು. ಬಲಗೈ ಬೆನ್ನ ಹಿಂದೆ ಸರಿಯಿತು.

ಅವಳ ಬೆನ್ನು ಎದುರಿನ ಕನ್ನಡಿಯಲ್ಲಿ ಪೂರ್ತಿ ಕಾಣುತ್ತಿತ್ತು. ಬೆನ್ನಿನ ನಡುವೆ ಎರಡು ಬೆರಳು ನೆಟ್ಟಗೆ ನಿಂತಿದ್ದವು. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಆ ಬೆರಳುಗಳನ್ನು ನೋಡಿ ಥಟ್ಟನೆ ಒಳಗೆ ಸರಿದಳು. ಟೀವಿಯ ಸದ್ದು ಇಳಿಯಿತು.

ಲೆನ್ಸಣ್ಣ ಚಪ್ಪಲಿ ಬಿಡುವುದನ್ನು ಮರೆತು ನಿಂತ. ಇದೇನೆಂದು ಯಾರೂ ಅವನಿಗೆ ವಿವರಿಸಬೇಕಾಗಿರಲಿಲ್ಲ. ಒಂದು ಬೆರಳೆಂದರೆ ಪರವಾಗಿಲ್ಲ, ಮೆತ್ತಗೆ ಮಾತಾಡಿ. ಎರಡೆಂದರೆ ಮಾತೇ ಬೇಡ. ಮೂರೆಂದರೆ ಕಣ್ಣಿಗೂ ಬೀಳಬೇಡಿ. ಚಿಕ್ಕಂದಿನಲ್ಲಿ ಅವನ ಅಪ್ಪ ಕೆಲಸದಿಂದ ಬರುವ ಹೊತ್ತಿಗೆ ಬಾಗಿಲು ತೆಗೆಯುವ ಕೆಲಸ ಅವನದಾಗಿತ್ತು. ಅಪ್ಪನ ಹಣೆ ನೋಡಿ ಅವನು ಬೆನ್ನ ಹಿಂದೆ ಬೆರಳು ಹಿಡಿಯುತ್ತಿದ್ದ. ಅಡುಗೆಮನೆಯಿಂದ ಅಮ್ಮ ಅದನ್ನು ನೋಡಿ ಒಲೆಯ ಕಡೆ ತಿರುಗುತ್ತಿದ್ದಳು. ಅಪ್ಪ ತೀರಿಹೋದ ಮೇಲೆ ಆ ಬೆರಳುಗಳೂ ಮನೆ ಬಿಟ್ಟು ಹೋದವು ಎಂದುಕೊಂಡಿದ್ದ. ಅವು ತನ್ನ ಬೆನ್ನ ಹಿಂದಿನಿಂದ ಮಗಳ ಬೆನ್ನ ಹಿಂದಕ್ಕೆ ಹೋಗಿದ್ದವು ಅಷ್ಟೇ. ಅವನಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು.

ಮಾರನೇ ದಿನ ಮಧ್ಯಾಹ್ನ ಅಂಗಡಿಯಿಂದ ಬೇಗ ಬಂದು, ಹಿತ್ತಲಲ್ಲಿ ಬಟಾಣಿ ಬಿಡಿಸುತ್ತಿದ್ದ ತಾಯಿಯ ಪಕ್ಕ ಕೂತ. ತಾನೂ ನಾಲ್ಕು ಕಾಯಿ ಬಿಡಿಸಿದ.

“ಅಮ್ಮ, ಬೆರಳು ಹಿಡಿಯೋದು ಇವರಿಗೆ ಯಾರು ಹೇಳಿಕೊಟ್ರು?”

ತಾಯಿ ಸಿಪ್ಪೆ ಕೆಳಗೆ ಹಾಕಿದಳು. “ನೋಡಿಬಿಟ್ಯಾ? ಆ ಕನ್ನಡಿ ಅಲ್ಲಿ ಹಾಕಬೇಡ ಅಂತ ಹೇಳಬೇಕು ಅಂದ್ಕೊಂಡಿದ್ದೆ.”

“ಯಾರು ಹೇಳಿಕೊಟ್ಟಿದ್ದು?”

“ಇನ್ಯಾರು, ನಾನೇ. ನಿನ್ನ ಹೆಂಡ್ತಿ ಬಂದ ಹೊಸತರಲ್ಲಿ. ಅಡುಗೆಮನೇಲಿ ಅಳ್ತಾ ನಿಂತಿದ್ಲು, ಏನು ತಪ್ಪು ಮಾಡ್ದೆ ಅಂತ ಗೊತ್ತಾಗ್ತಿಲ್ಲ ಅತ್ತೆ ಅಂತ. ಏನೂ ಮಾಡಿಲ್ಲ ಮಗಳೇ, ಅವನ ಹಣೆ ಓದೋದು ಕಲಿ ಅಂದೆ. ಆಗ ಬಾಗಿಲಿಗೆ ನಾನು ಹೋಗ್ತಿದ್ದೆ. ಮೊಣಕಾಲು ಹಿಡ್ಕೊಂಡ ಮೇಲೆ ಮೊಮ್ಮಗಳು.”

“ನಾನು ಅಪ್ಪನ ಹಾಗಾ? ಅಪ್ಪ ತಟ್ಟೆ ಎಸೀತಿದ್ರು. ನಾನು ಯಾವತ್ತಾದ್ರೂ ಕೈ ಎತ್ತಿದೀನಾ? ಬೈದಿದೀನಾ?”

“ಇಲ್ಲ. ನೀನು ಎಸೆದಿಲ್ಲ.”

“ಆ ಗೆರೆ ಕೆಲಸದಿಂದ ಬಂದಿದ್ದಮ್ಮ. ನನಗೆ ಸಿಟ್ಟೇ ಇರ್ತಿರ್ಲಿಲ್ಲ.”

“ಅರ್ಧ ದಿನ ಕೆಲಸದ್ದು ಇರಬಹುದು, ಅರ್ಧ ದಿನ ನಿಂದೇ. ಯಾವುದು ಯಾವಾಗ ಅಂತ ನಮಗೆ ಹೇಗೋ ಗೊತ್ತಾಗ್ಬೇಕು? ನೀನಾಗಿ ಬಾಯಿ ಬಿಡೋನಲ್ಲ. ಎರಡನ್ನೂ ಸಿಟ್ಟು ಅಂತಲೇ ಲೆಕ್ಕ ಹಾಕ್ತಿದ್ವಿ, ತಪ್ಪಿದ್ರೂ ನಷ್ಟ ಇಲ್ಲ ಅಂತ.” ಅವಳು ಬಟ್ಟಲು ಅವನತ್ತ ತಳ್ಳಿದಳು. “ಬೇಗ ಬಿಡಿಸು, ಅಡುಗೆಗೆ ಹೊತ್ತಾಯ್ತು.”

ಅಪ್ಪನಿಗಿಂತ ತಾನು ಒಳ್ಳೆಯವನು ಎಂಬ ಒಂದೇ ನೆಮ್ಮದಿಯ ಮೇಲೆ ಲೆನ್ಸಣ್ಣ ಇಷ್ಟು ವರ್ಷ ಕೂತಿದ್ದ. ಈಗ ಅದೂ ಇಲ್ಲವಾಯಿತು. ತಟ್ಟೆ ಎಸೆಯದೆಯೂ ಅದೇ ಮನೆಯನ್ನು ಕಟ್ಟಿದ್ದ. ಟೀವಿ ಸದ್ದು, ಟೀ ಲೋಟ, ಊಟದ ಹೊತ್ತಿನ ಮೌನ ಒಂದೊಂದೇ ನೆನಪಾಗಿ, ಗೌರವ ಎಂದು ತಾನು ಎಣಿಸಿಟ್ಟುಕೊಂಡದ್ದೆಲ್ಲ ಏನೆಂದು ತಿಳಿದು, ಮುಖ ಎತ್ತಲಾಗದಷ್ಟು ನಾಚಿಕೆಯಾಯಿತು.

ಅದೇ ವಾರ ಚಿಕ್ಕ ಯಜಮಾನ ಅವನ ಹಣೆ ನೋಡಿ, “ಬಿಡಿ ಲೆನ್ಸಣ್ಣ, ಮತ್ತೆ ಚುಚ್ಚಿಸ್ಕೊಳ್ಳೋದೇನೂ ಬೇಡ. ಗಿರಾಕಿಗಳಿಗೆಲ್ಲ ನೀವು ಅಭ್ಯಾಸ ಆದ್ರಿ,” ಎಂದ. ಅಂಗಡಿಯ ಕಡೆಯಿಂದ ಮುಖಕ್ಕೆ ಬಿಡುಗಡೆ ಸಿಕ್ಕಿತು.

ಮನೆಗೆ ಬಂದಾಗ ಹೆಂಡತಿ ಒಲೆಯ ಮುಂದೆ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಿದ್ದಳು. ಲೆನ್ಸಣ್ಣ ಬಾಗಿಲ ಚೌಕಟ್ಟು ಹಿಡಿದು ನಿಂತ. ಅವಳೇ ಮಾತು ತೆಗೆದಳು.

“ರೀ, ಇನ್ನೊಂದ್ಸಲ ಹಾಕಿಸ್ಕೊಂಡು ಬನ್ನಿ.”

“ಏನನ್ನ?”

“ಅದೇ, ಹಣೆಗೆ ಸೂಜಿ.”

ಅವನು ಹಣೆಯನ್ನು ಅಂಗೈಯಿಂದ ಮುಚ್ಚಿಕೊಂಡ. “ನಿನಗೆ ಯಾರು ಹೇಳಿದ್ರು?”

“ಕ್ಲಿನಿಕ್ಕಿನವರೇ. ಎಲ್ಲ ಕಡೆ ನನ್ನ ನಂಬರು ಕೊಡ್ತೀರಲ್ಲ, ಅಲ್ಲೂ ಅದನ್ನೇ ಕೊಟ್ಟಿದೀರಿ. ಅವತ್ತು ನೀವು ಕುರ್ಚಿ ಮೇಲೆ ತೂಗ್ತಾ ಇದ್ದಾಗಲೇ ಫೋನ್ ಬಂತು, ತಲೆನೋವು ಇದೆಯಾ, ಮಲಗಿಲ್ಲ ತಾನೇ ಅಂತ. ಇಲ್ಲ, ನೆಟ್ಟಗೆ ಕೂತಿದಾರೆ ಅಂದೆ.”

“ಅಮ್ಮಂಗೂ ಗೊತ್ತಾ?”

“ಎಲ್ಲರಿಗೂ ಗೊತ್ತು. ನಿಮಗೆ ನಾಚಿಕೆ ಆಗುತ್ತೆ ಅಂತ ಸುಮ್ಮನಿದ್ವಿ.” ಅವಳು ಚಾಕು ಕೆಳಗಿಟ್ಟಳು. “ಅದಕ್ಕಷ್ಟೇ ಅಲ್ಲ. ಕೇಳಿದ್ರೆ ನಿಲ್ಲಿಸಿಬಿಡ್ತೀರೇನೋ ಅನ್ನೋ ಭಯ.”

“ಅಂಗಡಿಯವರು ಇನ್ನು ಬೇಡ ಅಂದ್ರು.”

“ನಾನು ಅಂಗಡಿಗೆ ಹೇಳ್ತಾ ಇಲ್ಲ.”

ಒಲೆಯ ಮೇಲೆ ನೀರು ಕುದಿಯತೊಡಗಿತು. ಲೆನ್ಸಣ್ಣ ಅದನ್ನೇ ನೋಡಿದ. “ನಾನು ಸರಿ ಹೋಗ್ತೀನಿ ಕಣೇ,” ಎಂದ, ತನಗೇ ಕೇಳದ ದನಿಯಲ್ಲಿ. “ಸೂಜಿ ಯಾಕೆ? ನಾನೇ ನೋಡ್ಕೋತೀನಿ.”

“ಸರಿ ಹೋಗಿ, ಯಾರು ಬೇಡ ಅಂದ್ರು? ಅದು ನಿಧಾನಕ್ಕೆ ಆಗೋ ಕೆಲಸ. ಅಲ್ಲೀವರೆಗೆ ಇದೂ ಇರ್ಲಿ. ಪರದೆ ಹೊಲಿದ ದುಡ್ಡಿದೆ, ನಾನೇ ಕೊಡ್ತೀನಿ.” ಆಲೂಗಡ್ಡೆ ಒಂದೊಂದಾಗಿ ನೀರಿಗೆ ಬಿಟ್ಟಳು. “ಊಟಕ್ಕೆ ಎಲ್ಲರ ಜೊತೆ ಕೂರೋದು ನನಗೆ ಅಭ್ಯಾಸ ಆಗೋಯ್ತು. ಮತ್ತೆ ಒಳಗೆ ಒಬ್ಬಳೇ ನಿಂತು ತಿನ್ನೋಕೆ ಬೇಜಾರು.”

ಹಾಗೆ ಹೊರಟರು, ಈ ಸಲ ಇಬ್ಬರೂ. ಕ್ಲಿನಿಕ್ಕಿನಲ್ಲಿ ಅವಳು ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವನ ಎದುರಿನ ಕುರ್ಚಿಯಲ್ಲಿ ಕೂತಳು.

“ಈ ಸಲ ಎರಡು ಥರ ಮಾಡಬಹುದು,” ಎಂದರು ಡಾಕ್ಟರು. “ಹೋದ ಸಲದ ಹಾಗೆ ಪೂರ್ತಿ ಹಾಕಿದ್ರೆ ಅಲುಗಾಡಲ್ಲ. ಅರ್ಧ ಹಾಕಿದ್ರೆ ಸ್ವಲ್ಪ ಭಾವ ಉಳಿಯುತ್ತೆ. ಗಂಡಸರಿಗೆ ಅರ್ಧವೇ ಚೆನ್ನ, ಗಾಂಭೀರ್ಯ ಇರುತ್ತೆ.”

ಲೆನ್ಸಣ್ಣ ಹೆಂಡತಿಯತ್ತ ತಿರುಗಿದ. ಅವಳು ಚೀಲದ ಜಿಪ್ಪನ್ನು ತೆಗೆದು ಹಾಕಿ ಮಾಡುತ್ತಿದ್ದಳು.

“ಪೂರ್ತಿ ಹಾಕಿ,” ಎಂದ ಅವನು.

“ಸರಿ. ಗೆರೆ ಇನ್ನೂ ಪೂರ್ತಿ ಎದ್ದಿಲ್ಲ, ಎಲ್ಲಿ ಗುರುತು ಹಾಕ್ಬೇಕು ಅಂತ ನೋಡ್ಬೇಕು. ಒಂದ್ಸಲ ಸಿಟ್ಟು ಬಂದ ಹಾಗೆ ಹುಬ್ಬು ಗಂಟಿಕ್ಕಿ.”

ಎದುರಿಗೆ ಅವಳಿದ್ದಳು. ಲೆನ್ಸಣ್ಣನಿಗೆ ಆಗಲಿಲ್ಲ. ಆ ಮುಖವನ್ನು ಬೇಕೆಂದೇ ಮಾಡಿ ಅವಳಿಗೆ ತೋರಿಸುವುದಕ್ಕಿಂತ ಎದ್ದು ಓಡಿಹೋಗುವುದು ವಾಸಿ ಅನ್ನಿಸಿತು.

“ಬರ್ತಿಲ್ಲ ಡಾಕ್ಟ್ರೇ.”

“ಯಾರ ಮೇಲಾದ್ರೂ ಸಿಟ್ಟು ಬಂದಿದ್ದು ನೆನಪಿಸ್ಕೊಳ್ಳಿ.”

“ಬರಲ್ಲ.”

ಹೆಂಡತಿ ಚೀಲವನ್ನು ಕುರ್ಚಿಯ ಮೇಲಿಟ್ಟು ಎದ್ದು ಬಂದಳು. “ನಾನು ತೋರಿಸ್ತೀನಿ,” ಎಂದಳು, ಪರದೆಯ ಅಳತೆ ಹೇಳುವಾಗಿನ ದನಿಯಲ್ಲೇ. ಹೊಲಿಗೆಯಿಂದ ಗಡುಸಾದ ಅವಳ ಬೆರಳು ಅವನ ಹಣೆಗೆ ತಾಗಿತು. “ಮೊದಲು ಬಲಗಡೇದು, ಇಲ್ಲಿಂದ ಇಲ್ಲೀವರೆಗೆ. ಆಮೇಲೆ ಎಡಗಡೇದು. ಎರಡೂ ಗಟ್ಟಿಯಾದ್ರೆ ಮೂಗಿನ ಬುಡದಲ್ಲಿ ಅಡ್ಡ ಒಂದು ಬೀಳುತ್ತೆ, ಇಲ್ಲಿ. ಮೇಲಿನ ಮೂರು ನಿಧಾನಕ್ಕೆ ಬರ್ತವೆ. ಅವು ಬರೋ ಹೊತ್ತಿಗೆ ನಾವು ಒಳಗೆ ಹೋಗಿರ್ತೀವಿ.”

ಡಾಕ್ಟರು ಬಿಳಿ ಪೆನ್ಸಿಲಿನಿಂದ ಅವಳು ತೋರಿಸಿದಲ್ಲೆಲ್ಲ ಚುಕ್ಕೆ ಇಡುತ್ತಾ ಹೋದರು. “ಇಷ್ಟೇ ಅಲ್ವಾ?”

“ಇನ್ನೊಂದಿದೆ.” ಅವಳ ಬೆರಳು ಎಡಹುಬ್ಬಿನ ತುದಿಯ ಮೇಲೆ, ಗೆರೆಯೇ ಇಲ್ಲದ ನುಣ್ಣನೆಯ ಜಾಗದಲ್ಲಿ ನಿಂತಿತು. “ಎಲ್ಲಕ್ಕಿಂತ ಮುಂಚೆ ಅಲುಗಾಡೋದು ಇದು. ಹೋದ ಸಲ ಇದೊಂದು ಬಿಟ್ಟುಹೋಗಿತ್ತು ಡಾಕ್ಟ್ರೇ.”

ಆ ಅಷ್ಟೂ ತಿಂಗಳು, ಮೇಜಿಗೆ ಕೂತು ಕಥೆ ಹೇಳಿ ನಗಿಸುತ್ತಿದ್ದಾಗಲೂ, ಅವಳ ಒಂದು ಕಣ್ಣು ಅಲ್ಲೇ ಇತ್ತು ಎಂದು ಲೆನ್ಸಣ್ಣನಿಗೆ ತಿಳಿಯಿತು. ನಾಚಿಕೆಯಿಂದ ತಲೆ ತಗ್ಗಿಸಲು ಹೋದ. ಅವಳು ಗದ್ದ ಹಿಡಿದು ಮೇಲೆತ್ತಿ, ದೀಪದ ಬೆಳಕು ಹಣೆಗೆ ಬೀಳುವಂತೆ ಹಿಡಿದುಕೊಂಡು ನಿಂತಳು.